ಲೋಹ ಸೋರಿದ ವರ್ಷ

ಹೋದ ವಾರ ಅವ್ವನ ಓಲೆಯ ತಿರುಪು ಸವೆದಿದೆ ಎಂದು ಅವಳನ್ನು ಕರೆದುಕೊಂಡು ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ಕಿರಿದಾದ ಓಣಿ, ಮೂರು ಮೆಟ್ಟಿಲು, ಒಳಗೆ ನೆಲದ ಮೇಲೆ ಕೂತು ಕೆಲಸ ಮಾಡುವ ಒಬ್ಬರು. ಅವರು ಯಾರದೋ ಹಳೆಯ ಒಡವೆಯನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಮೇಲೆ ಆಸಿಡ್ ಹನಿಸಿದರು. ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ.

ಅವ್ವ ಇಣುಕಿದಳು. "ಯಾಕಮ್ಮಿ, ತಲೆ ಸುತ್ತಾ?"

"ಏನಿಲ್ಲ ಕಣವ್ವ. ಆಸಿಡ್ ವಾಸ್ನೆ."

"ಆರು ವರ್ಷ ಅದ್ರಲ್ಲೇ ಬಿದ್ದು ಹೊರಳಾಡ್ದೋಳು, ಇವಾಗ ಆಗಲ್ವಾ?"

ಆಗುವುದಿಲ್ಲ. ಬೇರೆಯವರಿಗೆ ಅದು ಆಸಿಡ್ಡಿನ ವಾಸನೆ. ನನಗೆ ಅದು ಮಾದಪ್ಪಣ್ಣನ ಅಂಗಿಯ ತೋಳಿನ ವಾಸನೆ.

ನಾನು ಮಂಡಕಳ್ಳಿಯವಳು, ಹೆಸರು ರತ್ನ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಡಾಕ್ಟರೇಟ್ ಅಂತೂ ನಮ್ಮ ಬೀದಿಗೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಯಾರೂ ಕೈಯೆತ್ತಿ ಕೊಟ್ಟದ್ದಲ್ಲ. ಅಪ್ಪ ಕಡಕೊಳದ ಕಾರ್ಖಾನೆಯೊಂದರಲ್ಲಿ ಮೂಟೆ ಹೊತ್ತವರು, ಅವ್ವ ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈರುಳ್ಳಿ ಹೆಚ್ಚಿದವಳು. ಸಂಬಂಧಿಕರು "ಇನ್ನೂ ಓದ್ತಾವ್ಳಾ?" ಎಂದು ಕೇಳುವುದು ನಿಂತದ್ದು ನಾನು ಎಂಎಸ್ಸಿ ಮುಗಿಸಿದ ಮೇಲೆ. ಪಿಎಚ್.ಡಿ.ಗೆ ಸೇರಿದಾಗ ಮತ್ತೆ ಶುರುವಾಯಿತು. ಅದರ ಐದನೆಯ ವರ್ಷದ ಕಥೆ ಇದು.

ನನ್ನ ಕೆಲಸ ಏನಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ತಲೆಯ ಎಂಆರ್‌ಐ ತೆಗೆಸಿದವರಿಗೆ ಗೊತ್ತಿರುತ್ತದೆ: ಕೆಲವೊಮ್ಮೆ ಚಿತ್ರ ಸ್ಪಷ್ಟವಾಗಲಿ ಎಂದು ನರಕ್ಕೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಜನ ಅದನ್ನು ಕಲರ್ ಇಂಜೆಕ್ಷನ್ ಎನ್ನುತ್ತಾರೆ, ಬಣ್ಣವೇನೂ ಇರುವುದಿಲ್ಲ. ಅದರಲ್ಲಿರುವುದು ಗ್ಯಾಡೋಲಿನಿಯಂ ಎಂಬ ಲೋಹ. ಮೆದುಳಿನಲ್ಲಿ ಗೆಡ್ಡೆಯೋ ಗಾಯವೋ ಇದ್ದ ಕಡೆ ಅದು ಹೋಗಿ ಸೇರುತ್ತದೆ, ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಲೋಹ ಬಿಡಿಯಾಗಿ ಮೈಗೆ ಹೋದರೆ ವಿಷ. ಆದ್ದರಿಂದ ಅದನ್ನು ಒಂದು ಅಣುವಿನ ಪಂಜರದಲ್ಲಿ ಕೂಡಿಹಾಕಿ ಕೊಡುತ್ತಾರೆ. ಪಂಜರದ ಸಮೇತ ಬಂದದ್ದು ಪಂಜರದ ಸಮೇತ ಮೂತ್ರದಲ್ಲಿ ಹೊರಟುಹೋಗಬೇಕು. ಈಗಿನ ಪಂಜರಗಳು ಸಾಕಷ್ಟು ಗಟ್ಟಿ. ಆದರೂ ಕಿಡ್ನಿ ಸೋತವರ ಮೈಯಿಂದ ಅದು ಬೇಗ ಹೊರಗೆ ಹೋಗುವುದಿಲ್ಲ, ಅಂಥವರಿಗೆ ಕೊಡಲು ವೈದ್ಯರು ಹಿಂದೆ ಮುಂದೆ ನೋಡುತ್ತಾರೆ. ನಾವು ಅದರ ಬದಲಿಗೆ ಮ್ಯಾಂಗನೀಸ್ ಹಾಕಲು ನೋಡುತ್ತಿದ್ದೆವು. ಅದು ಮೈಗೆ ಹೊಸದಲ್ಲ, ರಾಗಿಯಲ್ಲೂ ಇದೆ, ಸೊಪ್ಪಿನಲ್ಲೂ ಇದೆ. ಆದರೆ ಅದೂ ಮಿತಿಮೀರಿ ಮೆದುಳಿಗೆ ಹೋದರೆ ಕೈಕಾಲು ನಡುಗುತ್ತವೆ. ಬಿಡದೆ ಹಿಡಿದಿಡುವ ಪಂಜರ ಬೇಕು. ಆ ಪಂಜರ ಕಟ್ಟುವುದೇ ನನ್ನ ಪಿಎಚ್.ಡಿ.

ಇಂಥ ಕೆಲಸದಲ್ಲಿ ಗಾಜು ಶುದ್ಧವಾಗಿರುವುದು ಅರ್ಧ ಕೆಲಸ. ಆ ಅರ್ಧ ಕೆಲಸ ಶಿವಮಾದಪ್ಪನವರದು. ನಾವೆಲ್ಲ ಮಾದಪ್ಪಣ್ಣ ಎನ್ನುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಚಿಕ್ಕವರಿದ್ದಾಗ ಮಠದ ಹಾಸ್ಟೆಲಿನಲ್ಲಿದ್ದು ಏಳನೇ ತರಗತಿಯವರೆಗೆ ಓದಿದ್ದರು. ನಮ್ಮ ಲ್ಯಾಬಿನಲ್ಲಿ ಅವರು ಕಾಂಟ್ರಾಕ್ಟ್ ಮೇಲೆ ಇದ್ದವರು, ವರ್ಷವರ್ಷ ಹೆಸರು ಹೊಸದಾಗಿ ಬರೆಸಬೇಕು. ಅವರ ಮನೆ ಕಡಕೊಳ. ಬೆಳಿಗ್ಗೆ ನಂಜನಗೂಡು ರಸ್ತೆಯ ಬಸ್ಸನ್ನು ಅವರು ಕಡಕೊಳದಲ್ಲಿ ಹತ್ತಿದರೆ ನಾನು ಮಂಡಕಳ್ಳಿಯಲ್ಲಿ ಹತ್ತುತ್ತಿದ್ದೆ. ಅಷ್ಟು ಹೊತ್ತಿಗೆ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತಿತ್ತು. ಆದರೂ ಐದು ವರ್ಷ ನಾನು ಕೂತೇ ಹೋದೆ. ಕಿಟಕಿ ಪಕ್ಕದ ಸೀಟಿನ ಮೇಲೆ ಮಾದಪ್ಪಣ್ಣನ ಟವಲ್ ಬಿದ್ದಿರುತ್ತಿತ್ತು.

"ಅದೇನ್ರೀ, ದಿನಾ ಟವಲ್ ಹಾಕ್ತೀರಿ, ಬಸ್ಸು ನಿಮ್ಮ ತಾತಂದಾ?" ಎಂದು ಒಮ್ಮೆ ಒಬ್ಬಾಕೆ ಜಗಳಕ್ಕೇ ಬಂದರು.

"ತಾತಂದಲ್ಲ ಕಣ್ರವ್ವ, ಸರ್ಕಾರದ್ದು. ಆದ್ರೆ ಈ ಮಗೀಗೆ ಬಸ್ಸಲ್ಲೇ ಓದ್ಕಳದಿರ್ತದೆ. ಮೆದುಳಿಗೆ ಔಷ್ದಿ ಕಂಡಿಡಿತಾವ್ಳೆ. ನಾಳೆ ನಿಮ್ಗೂ ಬೇಕಾಯ್ತದೆ."

"ನನ್ನ ಮೆದುಳು ನೆಟ್ಟಗೇ ಐತೆ!"

"ಇದ್ದಿದ್ರೆ ಬಸ್ಸಲ್ಲಿ ಜಗಳ ಆಡ್ತಿದ್ರಾ?"

ಬಸ್ಸಿಗೆ ಬಸ್ಸೇ ನಕ್ಕಿತು, ಆಕೆಯೂ ನಕ್ಕರು.

ಗಾಜು ತೊಳೆಯುವುದರಲ್ಲಿ ಮಾದಪ್ಪಣ್ಣನಿಗೆ ಒಂದು ನೇಮವಿತ್ತು. ಮೊದಲು ಸೋಪು, ನಲ್ಲಿ ನೀರು, ಆಮೇಲೆ ಇಡೀ ರಾತ್ರಿ ಆಸಿಡ್ ತೊಟ್ಟಿ. ಬೆಳಿಗ್ಗೆ ಬಂದು ಶುದ್ಧ ನೀರಿನಲ್ಲಿ ಏಳು ಸಲ. ನಮ್ಮ ಕಟ್ಟಡಕ್ಕೆ ಬೋರ್‌ವೆಲ್ ನೀರು, ನಲ್ಲಿಯ ಬಾಯಲ್ಲಿ ಬೆಳ್ಳಗೆ ಸುಣ್ಣ ಕಟ್ಟುತ್ತಿತ್ತು. ಆ ಸುಣ್ಣದ ಅಂಶ ಗಾಜಿನಲ್ಲಿ ಉಳಿದರೆ ನಮ್ಮ ಪರೀಕ್ಷೆಗಳು ಕೆಡುತ್ತವೆ ಎಂದು ಮೊದಲ ವರ್ಷವೇ ಅವರಿಗೆ ಹೇಳಿಕೊಟ್ಟಿದ್ದರು. ಅವರು ಏಳನ್ನು ಬಾಯಿಬಿಟ್ಟು ಎಣಿಸುತ್ತಿದ್ದರು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಕಣ್ಣಲ್ಲೇ ಗದರುತ್ತಾರೆ. ಕೊನೆಗೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುವರು. ನೀರು ಹನಿಹನಿಯಾಗಿ ನಿಂತರೆ ಜಿಡ್ಡಿದೆ ಎಂದರ್ಥ. ತೆಳ್ಳಗೆ ಒಂದೇ ಸಮ ಜಾರಿದರೆ ಸ್ವಚ್ಛ. ಹನಿ ಕಂಡರೆ ಮತ್ತೆ ಸೋಪಿನಿಂದ ಶುರು.

ಆ ಜೂನ್ ತಿಂಗಳಲ್ಲಿ ನನ್ನ ಹನ್ನೊಂದನೆಯ ಪಂಜರ ಕೈಗೂಡಿತು. ಹತ್ತು ಕೈಕೊಟ್ಟಿದ್ದವು. ಮೈಸೂರಿನ ಮಳೆ ನಿಮಗೆ ಗೊತ್ತು, ಸುರಿಯುವುದಕ್ಕಿಂತ ಹೆಚ್ಚಾಗಿ ಸುಳಿದಾಡುತ್ತದೆ. ಆಷಾಢದ ಗಾಳಿ ಲ್ಯಾಬಿನ ಕಿಟಕಿಗಳನ್ನು ದಡಬಡ ಬಡಿಯುತ್ತಿತ್ತು, ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಆ ಗಾಳಿಯಲ್ಲೇ ಪಂಜರದೊಳಗೆ ಮ್ಯಾಂಗನೀಸ್ ಸೇರಿಸಿ, ಒಣಗಿಸಿ, ಬೆಳ್ಳನೆಯ ಪುಡಿ ಮಾಡಿ ಒಂದು ಸಣ್ಣ ಬಾಟಲಿಯಲ್ಲಿ ಇಟ್ಟೆ. ನಮ್ಮ ಗೈಡ್ ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, "ರತ್ನಾ, ಇದು ನಿಲ್ಲೋ ಹಾಗೆ ಕಾಣ್ಸುತ್ತೆ" ಎಂದರು. ಅವರು ಹೊಗಳುವ ಜನ ಅಲ್ಲ.

ಆಗಸ್ಟಿನಲ್ಲಿ ಅದನ್ನು ಎಂಆರ್‌ಐ ಯಂತ್ರದಲ್ಲಿ ನೋಡಲು ಊರಿನ ಒಂದು ಸ್ಕ್ಯಾನಿಂಗ್ ಸೆಂಟರಿನವರು ಒಪ್ಪಿಕೊಂಡರು. ರೋಗಿಗಳು ಬರುವ ಮೊದಲು, ಬೆಳಿಗ್ಗೆ ಏಳಕ್ಕೆ. ಬೇರೆಬೇರೆ ಹದದಲ್ಲಿ ಕರಗಿಸಿದ ಒಂಬತ್ತು ಪುಟ್ಟ ಕೊಳವೆಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ನಿಲ್ಲಿಸಿ, ಮಾದಪ್ಪಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಂದರು. ಯಂತ್ರದ ಕೋಣೆಗೆ ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಟೆಕ್ನಿಷಿಯನ್ ಕರಡಿಗೆಯ ಕಡೆ ಕೈ ತೋರಿಸಿದರು.

"ಅದು ಬರಕಿಲ್ಲ ಸಾ" ಎಂದರು ಮಾದಪ್ಪಣ್ಣ. "ಅದು ನನ್ನ ಜೊತೇಲೇ ಹೋಗೋದು. ನಾನು ಇಲ್ಲೇ ನಿಂತ್ಕತೀನಿ."

ಗಾಜಿನ ಆಚೆಯೇ ನಿಂತರು. ಪರದೆಯ ಮೇಲೆ ಚಿತ್ರ ಬಂತು: ಕಪ್ಪಿನ ಮೇಲೆ ಒಂಬತ್ತು ಬಿಳಿ ಬೊಟ್ಟು, ಒಂದಕ್ಕಿಂತ ಒಂದು ಬೆಳ್ಳಗೆ. ಮೇಡಂ ನನ್ನ ಭುಜ ಹಿಡಿದು ಅಲುಗಾಡಿಸಿದರು. ಮಾದಪ್ಪಣ್ಣ ಮಾತ್ರ ಬಹಳ ಹೊತ್ತು ಆ ಬೊಟ್ಟುಗಳನ್ನೇ ನೋಡುತ್ತಿದ್ದರು. ಹಿಂದಿರುಗುವಾಗ ಆಟೋದಲ್ಲಿ ಮೆಲ್ಲಗೆ ಮಾತು ತೆಗೆದರು.

"ನಮ್ಮನೆಯವ್ಳಿಗೆ ಫಿಟ್ಸ್ ಬತ್ತವೆ ಕಣವ್ವ. ಕಿಡ್ನಿ ಎರಡೂ ಹೋಗಿ ಡಯಾಲಿಸಿಸ್ ಮಾಡುಸ್ತಾ ಇವ್ನಿ, ಅದು ನಿಂಗೆ ಗೊತ್ತು. ತಲೆ ಸ್ಕ್ಯಾನ್ ಮಾಡ್ಸುದ್ರೆ ಏನೋ ಇದ್ದಂಗದೆ, ಸರ್ಯಾಗಿ ಕಾಣಕಿಲ್ಲ ಅಂದ್ರು. ಕಲರ್ ಇಂಜಕ್ಷನ್ ಕೊಡಾಣ ಅಂದ್ರೆ ಕಿಡ್ನಿ ಇಲ್ಲ, ಬ್ಯಾಡ ಅಂತಾರೆ. ಅವ್ಳ ತಲೆ ಇಂಗೆ ಬೆಳಗುದ್ರೆ ಡಾಕ್ಟ್ರು ಎಲ್ಲಿ ಅಂತ ಕಂಡ್ಕಳೋರು, ಅಲ್ವಾ?"

"ಹೂಂ ಮಾದಪ್ಪಣ್ಣ."

"ನಮ್ಮ ಔಷ್ದಿ ಯಾವಾಗ ಬತ್ತದೆ?"

ಇಲ್ಲಿ ನಾನು ಮೊದಲ ಸಲ ಎಡವಿದೆ. ಲ್ಯಾಬಿನ ಪುಡಿ ಆಸ್ಪತ್ರೆಯ ಇಂಜೆಕ್ಷನ್ ಆಗಲು ಹತ್ತು ಹದಿನೈದು ವರ್ಷ ಹಿಡಿಯಬಹುದು, ಬಹುಪಾಲು ಪುಡಿಗಳು ಅಲ್ಲಿಗೆ ಮುಟ್ಟುವುದೇ ಇಲ್ಲ ಎಂದು ನೆಟ್ಟಗೆ ಹೇಳಬೇಕಿತ್ತು. ಹೇಳಲಿಲ್ಲ. "ಬತ್ತದೆ ಮಾದಪ್ಪಣ್ಣ, ಇನ್ನು ಸ್ವಲ್ಪ ಟೆಸ್ಟ್ ಅವೆ" ಎಂದೆ. ಅವರು "ನಮ್ಮ ಔಷ್ದಿ" ಎಂದದ್ದು ನನಗೆ ಅಷ್ಟು ಹಿತವಾಗಿತ್ತು. ಅವತ್ತಿನಿಂದ ಪ್ರತಿ ಸೋಮವಾರ ಬಸ್ಸಿನಲ್ಲಿ ಅದೇ ಪ್ರಶ್ನೆ, ಅದೇ ಉತ್ತರ.

ದಸರಾ ರಜೆ ಮುಗಿಸಿಕೊಂಡು ಬಂದ ಮೇಲೆ ಕಡೆಯ ಪರೀಕ್ಷೆ ಶುರುಮಾಡಿದೆ. ಪುಡಿಯನ್ನು ಮೈಯ ರಕ್ತದಷ್ಟೇ ಉಪ್ಪಿರುವ ನೀರಿನಲ್ಲಿ ಕರಗಿಸಿ, ಮೈಯಷ್ಟೇ ಬಿಸಿಯಲ್ಲಿ ಎರಡು ವಾರ ಇಡಬೇಕು. ದಿನವೂ ಸ್ವಲ್ಪ ತೆಗೆದು ಬಾಟಲಿಗೆ ಹಾಕಿ, ಒಂದು ಬಣ್ಣದ ದ್ರಾವಣ ಹನಿಸಬೇಕು. ಬಣ್ಣ ನೀಲಿಯಾಗಿಯೇ ಉಳಿದರೆ ಪಂಜರ ಭದ್ರ. ದ್ರಾಕ್ಷಿಯ ಕೆಂಪಿಗೆ ತಿರುಗಿದರೆ ಲೋಹ ಹೊರಗೆ ಸೋರಿದೆ ಎಂದು ಅರ್ಥ. ತೊಂದರೆಯೆಂದರೆ, ಬೋರ್‌ವೆಲ್ ನೀರಿನ ಸುಣ್ಣಕ್ಕೂ ಆ ಬಣ್ಣ ಕೆಂಪಾಗುತ್ತದೆ. ಅದಕ್ಕಾಗಿ ಪ್ರತಿದಿನ ಪಕ್ಕದಲ್ಲಿ ಮೂರು ಬಾಟಲಿಗಳಲ್ಲಿ ಬರೀ ಶುದ್ಧ ನೀರಿಗೆ ಬಣ್ಣ ಹನಿಸಿ ಇಡುತ್ತೇವೆ. ಗಾಜು ಸರಿಯಿದ್ದರೆ ಅವು ನೀಲಿಯಾಗಿರುತ್ತವೆ.

ಐದು ದಿನ ಎಲ್ಲವೂ ನೀಲಿ. ಆರನೆಯ ದಿನ ನನ್ನ ಪುಡಿಯ ಬಾಟಲಿಗಳಲ್ಲಿ ಒಂದು ನೇರಳೆ ಛಾಯೆ. ಕಣ್ಣಿನ ಭ್ರಮೆ ಅಂದುಕೊಂಡೆ. ಒಂಬತ್ತನೆಯ ದಿನ ಕೆಂಪು, ಯಾರು ನೋಡಿದರೂ ಕೆಂಪು. ಪಕ್ಕದ ಮೂರು ಬಾಟಲಿ ಆಕಾಶದ ಹಾಗೆ ನೀಲಿ.

ಲೇಖನ ಬರೆದು ಮುಗಿಸಿದ್ದೆ. ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಮೇಡಂ ಇದನ್ನೇ ಜನವರಿಯ ಸಮ್ಮೇಳನದಲ್ಲಿ ಹೇಳುವವರಿದ್ದರು. ಅವರ ಕೋಣೆಗೆ ಹೋಗಿ, "ಮೇಡಂ, ಕೆಂಪಾಗ್ತಿದೆ" ಎಂದೆ.

ಅವರು ಏನನ್ನೋ ಬರೆಯುತ್ತಿದ್ದವರು ತಲೆಯೆತ್ತದೆ ಕೇಳಿದರು. "ಗ್ಲಾಸ್‌ವೇರ್ ಸರಿಯಾಗಿ ತೊಳೆದಿದ್ದಾರಾ?"

ಅದು ಯಾವ ಗೈಡ್ ಆದರೂ ಕೇಳುವ ಮೊದಲ ಪ್ರಶ್ನೆ. "ಹೌದು ಮೇಡಂ, ಪಕ್ಕದವು ನೀಲಿಯಾಗೇ ಇವೆ" ಎಂದು ಒಂದು ಸಾಲು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಇಲ್ಲ ಅನ್ಸುತ್ತೆ ಮೇಡಂ. ಮಾದಪ್ಪಣ್ಣನ ಗಮನ ಈಚೆಗೆ ಸರಿಯಿಲ್ಲ. ಮನೇಲಿ ಹೆಂಡ್ತಿಗೆ ಹುಷಾರಿಲ್ವಲ್ಲ."

ಮಾದಪ್ಪಣ್ಣ ನಂಬಿ ಹೇಳಿಕೊಂಡಿದ್ದ ಕಷ್ಟವನ್ನೇ ಅವರ ಮೇಲೆ ಸಾಕ್ಷಿಯಾಗಿ ನಿಲ್ಲಿಸಿದ್ದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಕನಿಕರ ಕೂಡ ಇತ್ತು.

ಮೇಡಂ ಮಾದಪ್ಪಣ್ಣನನ್ನು ಕರೆಸಿ ಎರಡು ಮಾತು ಕೇಳಿದರು, ಬಯ್ಯಲಿಲ್ಲ. ಮಾದಪ್ಪಣ್ಣ ಹೊರಗೆ ಬಂದು ಸೀದಾ ನನ್ನ ಮೇಜಿನ ಹತ್ತಿರ ನಿಂತರು. ಕೈ ಇನ್ನೂ ಒದ್ದೆಯಿತ್ತು.

"ಏಳು ನೀರೂ ಹಾಕಿವ್ನಿ ಕಣವ್ವ."

"ಎಲ್ಲೋ ಒಂದು ಸಲ ತಪ್ಪಿರುತ್ತೆ ಮಾದಪ್ಪಣ್ಣ. ಮನುಷ್ಯರಲ್ವಾ?"

ಅವರು ಬಾಟಲಿಗಳ ಸಾಲನ್ನು ನೋಡಿದರು. ಬಹಳ ವಿನಯದಿಂದ, ತಾವು ಮಾತಾಡಬಾರದ ಜಾಗದಲ್ಲಿ ಮಾತಾಡುತ್ತಿದ್ದೇವೇನೋ ಎಂಬಂತೆ, ಮೂರು ನೀಲಿ ಬಾಟಲಿಗಳ ಕಡೆ ಬೆರಳು ಮಾಡಿದರು.

"ಅಲ್ಲವ್ವ, ಬರೀ ನೀರಿನ ಬಾಟ್ಲಿ ನೀಲಿನೇ ಅವಲ್ಲ? ಅವ್ನೂ ಒಂದೇ ದಿನ, ಒಂದೇ ತೊಟ್ಟೀಲಿ ನಾನೇ ತೊಳ್ದಿದ್ದು. ನನ್ನ ತೊಳೆಯಾಟ ಕೆಟ್ಟಿದ್ರೆ ಅವೂ ಕೆಂಪಾಗ್ಬೇಕಿತ್ತಲ್ವಾ?"

ಏಳನೇ ತರಗತಿ ಓದಿದ ಮನುಷ್ಯ, ನಾನು ಐದು ವರ್ಷ ಕಲಿತದ್ದನ್ನು ಎರಡು ವಾಕ್ಯದಲ್ಲಿ ಹೇಳಿ ನಿಂತಿದ್ದರು. ಅವರು ಹೇಳಿದ್ದು ಸರಿ ಎಂದು ಆ ಕ್ಷಣವೇ ನನಗೆ ಗೊತ್ತಿತ್ತು. ಸುತ್ತ ಜೂನಿಯರ್‌ಗಳು ಕೇಳಿಸಿಕೊಳ್ಳುತ್ತಿದ್ದರು.

"ನಿಮ್ಗೆ ಅದೆಲ್ಲ ಅರ್ಥ ಆಗಲ್ಲ ಮಾದಪ್ಪಣ್ಣ" ಎಂದೆ.

ಅವರು ತಲೆಯಾಡಿಸಿ ಹೋದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಒಂದು ಆಫೀಸಿಗೆ ಹೋಗಿದ್ದೆ. ಅಪ್ಪ ಕಾಗದವೊಂದನ್ನು ಹಿಡಿದು ಏನೋ ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಮೇಜಿನ ಹಿಂದಿದ್ದವರು, "ನಿಮಗೆ ಅದೆಲ್ಲ ಅರ್ಥ ಆಗಲ್ಲ, ಓದಿದೋರನ್ನ ಕರ್ಕೊಂಬನ್ನಿ" ಎಂದರು. ಅಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡ ರೀತಿ ನೋಡಿ, ನಾನು ಓದೇ ತೀರುತ್ತೇನೆ ಎಂದು ಹಟ ಹಿಡಿದವಳು. ಹಟ ಹಿಡಿದು ಓದಿ ಕೊನೆಗೆ ಮೇಜಿನ ಹಿಂದೆ ಹೋಗಿ ಕೂತೆ, ಅದೇ ಮಾತು ಆಡಿದೆ. ನನ್ನ ಡಿಗ್ರಿಯ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಆದರೆ ಆ ಹೆಮ್ಮೆ ಎಲ್ಲಿ ನಿಂತುಬಿಡುತ್ತದೆ ಎಂಬುದೂ ಗೊತ್ತಿದೆ.

ಅವತ್ತಿನಿಂದ ಮಾದಪ್ಪಣ್ಣ ಏಳರ ಬದಲು ಹತ್ತು ನೀರು ಹಾಕತೊಡಗಿದರು. ಪರೀಕ್ಷೆಯನ್ನು ಮತ್ತೆ ಮಾಡುವುದನ್ನು ನಾನು ಏನೋ ನೆಪ ಹೇಳಿ ಮುಂದಕ್ಕೆ ಹಾಕುತ್ತಾ ಬಂದೆ. ಬಸ್ಸಿನಲ್ಲಿ ಟವಲ್ ಮಾತ್ರ ತಪ್ಪಲಿಲ್ಲ. ಕಿಟಕಿ ಪಕ್ಕ ನಾನು, ಈ ಕಡೆ ಅವರು, ಸೋಮವಾರದ ಪ್ರಶ್ನೆ ಈಗ ಬರುತ್ತಿರಲಿಲ್ಲ. ಮೈಸೂರು ಬರುವವರೆಗೆ ನಾನು ಪುಸ್ತಕ ತೆರೆದು ಒಂದೇ ಪುಟ ನೋಡುತ್ತಿದ್ದೆ. ನವೆಂಬರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಓಡಾಡೋದು ಕಷ್ಟ ಆಗ್ತದೆ" ಎಂದು ಅವ್ವನಿಗೆ ಸುಳ್ಳು ಹೇಳಿ ಒಂಟಿಕೊಪ್ಪಲಿನಲ್ಲಿ ಒಂದು ರೂಮು ಹಿಡಿದೆ. ಒಂಟಿಕೊಪ್ಪಲಿನಿಂದ ಲ್ಯಾಬಿಗೆ ನಡೆದೇ ಹೋಗಬಹುದು. ಬಸ್ಸು ಬೇಕಿಲ್ಲ.

ಡಿಸೆಂಬರ್ ಕೊನೆಗೆ ಕಾಂಟ್ರಾಕ್ಟ್ ಪಟ್ಟಿ ಬಂದಾಗ ಅದರಲ್ಲಿ ಶಿವಮಾದಪ್ಪನವರ ಹೆಸರಿರಲಿಲ್ಲ. ನಾನು ಯಾರಿಗೂ ತೆಗೆಯಿರಿ ಎಂದಿರಲಿಲ್ಲ, ಮೇಡಂ ಕೂಡ ಅನ್ನಲಿಲ್ಲ. ಪಟ್ಟಿ ಮಾಡುವವರು "ಕೆಲಸದ ಬಗ್ಗೆ ದೂರು ಇದೆಯಾ?" ಎಂದು ಕೇಳಿದ್ದರು, ಮೇಡಂ "ಒಂದು ಇದೆ" ಎಂದು ಇದ್ದದ್ದನ್ನು ಹೇಳಿದ್ದರು. ಅಷ್ಟೇ ಸಾಕಾಗಿತ್ತು. ಕಡೆಯ ದಿನ ಮಾದಪ್ಪಣ್ಣ ಎಲ್ಲ ಗಾಜನ್ನೂ ತೊಳೆದು ಕಪಾಟಿನಲ್ಲಿ ಎತ್ತರದ ಪ್ರಕಾರ ಜೋಡಿಸಿದರು. ಹೋಗುವಾಗ ನನ್ನ ಬಳಿ ಬಂದರು.

"ಬತ್ತೀನಿ ಕಣವ್ವ. ಹೊಸ್ದಾಗಿ ಬರೋರ್ಗೆ ಏಳು ನೀರು ಅಂತ ಹೇಳ್ಕೊಡು. ಎಣಿಸುವಾಗ ಮಾತಾಡುಸ್ಬ್ಯಾಡ್ರಿ ಅಂತ ಎಲ್ರಿಗೂ ಹೇಳು. ಅಲ್ಲೇ ಎಲ್ಲೋ ನಂಗೆ ತಪ್ಪೋಗಿರ್ಬೇಕು."

ತಪ್ಪೋಗಿರ್ಬೇಕು ಎಂದರು. ಎರಡು ತಿಂಗಳಲ್ಲಿ ಅವರು ತಮ್ಮ ಕಣ್ಣಿಗಿಂತ ನನ್ನ ಮಾತನ್ನು ಹೆಚ್ಚು ನಂಬಿಬಿಟ್ಟಿದ್ದರು. ಆಗಲಾದರೂ ನಾನು ಎದ್ದು ನಿಂತು ನಿಜ ಹೇಳಬೇಕಿತ್ತು. "ಹೋಗ್ಬನ್ನಿ ಮಾದಪ್ಪಣ್ಣ" ಎಂದೆ.

ಜನವರಿಯ ಚಳಿಯಲ್ಲಿ ನಾನೊಬ್ಬಳೇ ಪರೀಕ್ಷೆಯನ್ನು ಮತ್ತೆ ಮಾಡಿದೆ. ಈ ಸಲ ಗಾಜೇ ಬೇಡವೆಂದು ಪೊಟ್ಟಣ ಒಡೆದು ಹೊಸ ಪ್ಲಾಸ್ಟಿಕ್ ಕೊಳವೆ ತೆಗೆದೆ. ಯಾರ ಕೈಯೂ ತಾಗಿರದ ಕೊಳವೆ. ಐದು ದಿನ ನೀಲಿ, ಆರನೆಯ ದಿನ ನೇರಳೆ, ಒಂಬತ್ತನೆಯ ದಿನ ಕೆಂಪು. ಒಂದು ದಿನದ ವ್ಯತ್ಯಾಸವೂ ಇಲ್ಲ. ಮೇಡಂ ಸಮ್ಮೇಳನಕ್ಕೆ ಹೊರಡಲು ಇನ್ನು ಒಂದು ವಾರವಿತ್ತು. ನನ್ನ ಮುಂದೆ ಎರಡು ದಾರಿ ಇದ್ದವು ಎಂದು ಹೇಳಿದರೆ ಅದು ದೊಡ್ಡ ಮಾತಾಗುತ್ತದೆ. ಸೋರುವ ಪಂಜರವನ್ನು ಭದ್ರ ಎಂದು ಕರೆಯಲು ಮಾತ್ರ ನನ್ನಿಂದ ಆಗಲಿಲ್ಲ. ಅದು ನಾಳೆ ಯಾರದಾದರೂ ತಲೆಗೆ ಹೋಗುವ ಲೋಹ. ಹೋಗಿ ಹೇಳಿದೆ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಕ್ಟೋಬರಿನಲ್ಲಿ ಪಕ್ಕದ ಬಾಟಲಿ ನೀಲಿ ಇತ್ತಾ, ಕೆಂಪಿತ್ತಾ?"

"ನೀಲಿ ಇತ್ತು ಮೇಡಂ."

"ನೋಡಿದ್ಯಾ?"

"ನೋಡಿದ್ದೆ."

"ಹಾಗಾದ್ರೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು."

ಅವರು ಕಿಟಕಿಯ ಕಡೆ ತಿರುಗಿದರು. "ಪಂಜರ ಹೋದ್ರೆ ಇನ್ನೊಂದು ಕಟ್ಟಬಹುದು ರತ್ನಾ. ನಾನೂ ನೋಡ್ಬೇಕಿತ್ತು, ನಾನೂ ನೋಡ್ಲಿಲ್ಲ. ಆ ಮನುಷ್ಯನಿಗೆ ನೀನೇ ಹೋಗಿ ಹೇಳು. ಫೋನಲ್ಲಿ ಬೇಡ."

ಮೇಡಂ ಸಮ್ಮೇಳನದಲ್ಲಿ ಬೇರೆ ವಿಷಯ ಮಾತಾಡಿದರು. ಮಾದಪ್ಪಣ್ಣನನ್ನು ಹಿಂದಕ್ಕೆ ಕರೆಸಲು ನೋಡಿದರು, ಅಷ್ಟರಲ್ಲಿ ಆ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಹನ್ನೊಂದನೆಯ ಪಂಜರವನ್ನು ನಾನೇ ದಾಖಲೆಯಲ್ಲಿ ಅಡ್ಡಗೆರೆ ಎಳೆದು ಮುಚ್ಚಿದೆ. ಹನ್ನೆರಡು ಕೂಡ ಸೋರಿತು. ಹದಿಮೂರನೆಯದು ನಿಂತಿತು. ಅದರ ಮೇಲೆಯೇ ನನಗೆ ಡಾಕ್ಟರೇಟ್ ಬಂತು. ಅದು ಈಗಲೂ ಇಲಿಗಳ ಹಂತದಲ್ಲಿದೆ, ಮನುಷ್ಯರವರೆಗೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಾದಪ್ಪಣ್ಣನ ಹೆಂಡತಿ ಗೌರಮ್ಮ ಆ ವರ್ಷದ ಆಷಾಢ ನೋಡಲಿಲ್ಲ. ನನ್ನ ಹನ್ನೊಂದನೆಯ ಪಂಜರ ಬಂಡೆಯಷ್ಟು ಗಟ್ಟಿಯಾಗಿದ್ದರೂ ಅವರಿಗೆ ಅದು ಒದಗುತ್ತಿರಲಿಲ್ಲ. ಇದೆಲ್ಲ ಆಮೇಲಿನ ಮಾತು.

ಮೇಡಂ "ನೀನೇ ಹೋಗಿ ಹೇಳು" ಎಂದ ಮೇಲೂ ನಾನು ಹೊರಟದ್ದು ಏಪ್ರಿಲಿನಲ್ಲಿ. ಶಿವರಾತ್ರಿ ಕಳೆಯಲಿ ಎಂದೆ, ಯುಗಾದಿ ಕಳೆಯಲಿ ಎಂದೆ. ಒಂದು ಭಾನುವಾರ ಮಧ್ಯಾಹ್ನ ಕಡಕೊಳದಲ್ಲಿ ಬಸ್ಸಿಳಿದೆ. ಹಿಂದಿನ ದಿನ ಮೊದಲ ಮಳೆ ಬಿದ್ದು ರಸ್ತೆಯ ಬದಿಯ ಧೂಳು ಗಟ್ಟಿಯಾಗಿತ್ತು. ಮನೆ ಕೇಳಿಕೊಂಡು ಹೋದೆ. ಹಂಚಿನ ಮನೆ, ಮುಂದೆ ಮೊಣಕಾಲೆತ್ತರದ ಜಗಲಿ. ಮಾದಪ್ಪಣ್ಣ ಜಗಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದರು. ನನ್ನನ್ನು ನೋಡಿ ಮೊರ ಬಿಟ್ಟು ಎದ್ದರು.

"ಅಯ್ಯೋ ತಾಯಿ, ಫೋನ್ ಮಾಡಿದ್ರೆ ಬಸ್‌ಸ್ಟಾಪಿಗೆ ಬತ್ತಿರ್ಲಿಲ್ವಾ? ಬಾ, ಕೂತ್ಕೊ."

ಈಗ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿದೆ, ಡಯಾಲಿಸಿಸ್ ದಿನ ರಜ ಕೊಡುತ್ತಾರೆ ಎಂದರು. "ಅಲ್ಲಿ ಒಂದೇ ನೀರು ಸಾಕು ಕಣವ್ವ" ಎಂದು ನಕ್ಕರು. ಕಾಫಿ ಮಾಡಲು ಎದ್ದವರನ್ನು ಕೈ ಹಿಡಿದು ಕೂರಿಸಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. ಸುಮ್ಮನೆ ಹೇಳಿಬಿಟ್ಟೆ.

"ಮಾದಪ್ಪಣ್ಣ, ನಿಮ್ಮದೇನೂ ತಪ್ಪಿರ್ಲಿಲ್ಲ. ಹೊಸ ಕೊಳವೇಲೂ ಕೆಂಪಾಯ್ತು. ನೀವು ಅವತ್ತು ಹೇಳಿದ್ದೇ ಸರಿ. ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕ್ಬುಟ್ಟೆ."

ಅವರು ಕೋಪ ಮಾಡಿಕೊಳ್ಳಬಹುದು ಎಂದು ಸಿದ್ಧಳಾಗಿ ಬಂದಿದ್ದೆ. ಬಯ್ದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು. ಅವರ ಮುಖ ಬೇರೆ ರೀತಿ ಬದಲಾಯಿತು.

"ಅಂಗಾದ್ರೆ ಔಷ್ದಿನೇ ಸರಿ ಇರ್ಲಿಲ್ವಾ?"

"ಇರ್ಲಿ‌ಲ್ಲ. ಲೋಹ ಸೋರ್ತಿತ್ತು."

"ತಲೆಗೆ ಕೊಟ್ಟಿದ್ರೆ?"

"ಕೊಡೋ ಹಂಗಿರ್ಲಿಲ್ಲ ಮಾದಪ್ಪಣ್ಣ. ಸರಿ ಇದ್ದಿದ್ರೂ ಇಷ್ಟು ಬೇಗ ಬರ್ತಿರ್ಲಿಲ್ಲ. ಹತ್ತು ಹದಿನೈದು ವರ್ಷ ಆಗ್ತದೆ. ಅದನ್ನೂ ನಿಮ್ಗೆ ಹೇಳಿರ್ಲಿಲ್ಲ."

ಅವರು ಮೊರದ ಕಾಳುಗಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. "ನಾನು ಬಾಟ್ಲಿ ಸರ್ಯಾಗಿ ತೊಳೀದೆ ಕೆಲ್ಸ ಹೋಯ್ತು, ಹೋಗ್ಲಿ, ಔಷ್ದಿ ಚೆನ್ನಾಗದಲ್ಲ ಅಂದ್ಕಂಡಿದ್ದೆ" ಎಂದರು. "ದಿನಾ ಅದ್ನೇ ಅಂದ್ಕಂಡು ಮಲಗ್ತಿದ್ದೆ ಕಣವ್ವ. ನಂದೇ ತಪ್ಪಾಗಿದ್ರೆ ಎಷ್ಟೋ ವಾಸಿಯಿತ್ತು."

ನನಗೆ ಅಳು ಬಂತು. ಅವರು ಗಾಬರಿಯಾಗಿ ಒಳಗಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಮೆಲ್ಲುಗೆ, ಮೆಲ್ಲುಗೆ. ಅವ್ಳು ಎದ್ದವ್ಳೆ, ಕೇಳುಸ್ತದೆ. ಔಷ್ದಿ ರೆಡಿ ಅದೆ, ನಾನು ತೊಳ್ದಿದ್ದು ಕೆಟ್ಟು ಒಸಿ ತಡ ಆಗದೆ ಅಂತ ಹೇಳಿವ್ನಿ ಅವ್ಳಿಗೆ. ಅದ್ನೇ ನಂಬ್ಕಂಡು ಡಯಾಲಿಸಿಸ್‌ಗೆ ಬತ್ತಾವ್ಳೆ, ಇಲ್ದಿದ್ರೆ ಬರಾಕೇ ಒಲ್ಲೆ ಅಂತಿದ್ಲು. ನೀನು ಒಳೀಕ್ಕೆ ಹೋಗಿ ಅಷ್ಟನ್ನೇ ಹೇಳ್ಬುಡವ್ವ. ಓದಿರೋಳು ಹೇಳುದ್ರೆ ನಂಬ್ತಾಳೆ."

"ನಾನು ಹೆಂಗೆ ಹೇಳ್ಲಿ ಮಾದಪ್ಪಣ್ಣ?"

"ಆವತ್ತು ಹೇಳ್ದಂಗೇ ಹೇಳು" ಎಂದರು. ಚುಚ್ಚಿ ಹೇಳಲಿಲ್ಲ. ನಿಜವಾಗಿಯೂ ದಾರಿ ತೋರಿಸಿದರು.

ಒಳಗೆ ಹೋದೆ. ಗೌರಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿತ್ತು, ಕಣ್ಣು ಮಾತ್ರ ಚುರುಕು. ಕೈ ಚಾಚಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನೇನಾ ರತ್ನ? ದಿನಾ ನಿನ್ನ ಸುದ್ದಿನೇ. ಔಷ್ದಿ ಎಲ್ಲಿಗೆ ಬಂತು ಮಗ?"

ಮಾದಪ್ಪಣ್ಣ ಹೊಸ್ತಿಲ ಆಚೆ ನಿಂತು ನೆಲ ನೋಡುತ್ತಿದ್ದರು.

"ಔಷ್ದಿ ಚೆನ್ನಾಗೇ ಅದೆ ಅಮ್ಮ" ಎಂದೆ. "ಬಾಟ್ಲಿ ತೊಳ್ಯೋದ್ರಲ್ಲಿ ಒಂದು ತಪ್ಪಾಯ್ತು. ಅದಕ್ಕೇ ತಡ."

"ಕೇಳುಸ್ಕಂಡ್ರಾ?" ಗೌರಮ್ಮ ಗಂಡನ ಕಡೆ ತಿರುಗಿದರು. ದನಿಯಲ್ಲಿ ಗೆದ್ದ ಸಂತೋಷವಿತ್ತು. "ಮನೇಲಿ ಒಂದು ಲೋಟ ನೆಟ್ಟುಗೆ ತೊಳ್ದೋರಲ್ಲ, ಅಲ್ಲೋಗಿ ಏನು ತೊಳ್ದೀರಿ ಅಂತ ನಾನು ಮೊದ್ಲೇ ಹೇಳಿಲ್ವಾ?"

"ಹೂಂ ಕಣೆ, ಹೇಳಿದ್ದೆ. ನಂದೇ ತಪ್ಪು" ಎಂದರು ಮಾದಪ್ಪಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಇರವ್ವ, ಕಾಫಿ ಕುಡ್ಕಂಡೇ ಹೋಗ್ಬೇಕು" ಎಂದು ಒಲೆಯ ಹತ್ತಿರ ಹೋದರು.

ಕುಡಿದಾದ ಮೇಲೆ ಲೋಟವನ್ನು ನಾನೇ ತೊಳೆದಿಟ್ಟೆ.